ಕ್ರೂಸ್ ಮಧ್ಯೆ ಎಫೆಸಸ್‌ಗೆ ಅರ್ಧ ದಿನ: ಹಡಗಿನವರ ಟೂರ್ ತಗೋಬೇಕಾ, ನಾವೇ ಹೋಗಬಹುದಾ?

ಭತ್ತದ ಕಣಜ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನಮ್ಮ ಮನೆಯವರು, ಅಪ್ಪ, ಅವ್ವ ನಾಲ್ಕೂ ಜನ ಗ್ರೀಸ್ ಕಡೆ ಒಂದು ಸಣ್ಣ ಕ್ರೂಸ್‌ಗೆ ಹೊರಟಿದ್ದೇವೆ. ಜರ್ಮನಿಯಲ್ಲಿರುವ ತಮ್ಮ ಬುಕ್ ಮಾಡಿಕೊಟ್ಟಿದ್ದಾನೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ಹಡಗು ಹತ್ತುವುದು. ಮೊದಲು ಮಿಕೊನೊಸ್, ಮರುದಿನ ಬೆಳಿಗ್ಗೆ ಟರ್ಕಿಯ ಕುಶಾದಸಿ, ಅವತ್ತೇ ಸಂಜೆ ಪಾಟ್ಮೋಸ್ ದ್ವೀಪ, ಹೀಗೆ.

ಪ್ರಶ್ನೆ ಕುಶಾದಸಿ ಬಗ್ಗೆ. ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿ ಎಫೆಸಸ್ ಎಂಬ ಪುರಾತನ ಊರಿನ ಅವಶೇಷ ಇದೆ. ಹಡಗು ಏಳೂವರೆಗೆ ಬಂದರಿಗೆ ಬಂದು ಮಧ್ಯಾಹ್ನ ಒಂದಕ್ಕೆ ಹೊರಟುಬಿಡುತ್ತದೆ. ಹಡಗಿನವರದೇ ಗೈಡೆಡ್ ಟೂರ್ ಇದೆ. ಆದರೆ ತಲೆಗೆ ಕೇಳುವ ರೇಟು ನೋಡಿ ಅಪ್ಪ, "ಇಷ್ಟಕ್ಕೆ ಒಂದು ಎಕರೆ ನಾಟಿ ಮುಗಿಯುತ್ತೆ" ಅಂದರು. ಬಂದರಿನಲ್ಲೇ ಕಡಿಮೆ ರೇಟಿಗೆ ಕರೆದೊಯ್ಯುವವರು ಸಿಗುತ್ತಾರಂತೆ.

ಅಪ್ಪನಿಗೆ ಎಪ್ಪತ್ತು ದಾಟಿದೆ, ಈಗಲೂ ಗದ್ದೆ ಬದುವಿನ ಮೇಲೆ ನಮಗಿಂತ ಚೆನ್ನಾಗಿ ನಡೆಯುತ್ತಾರೆ. ಅವ್ವನಿಗೆ ಮೊಣಕಾಲು ನೋವು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವುದು ಬಿಟ್ಟು ಬಹಳ ವರ್ಷ ಆಯ್ತು. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕೊಪ್ಪಳದ ಕಿರಿಕ್

ಅಕ್ಕಾ, ಹೊಳೆ ದಾಟಿದರೆ ಹಂಪಿ. ಬಿದ್ದ ಕಲ್ಲು ನೋಡಲು ಟರ್ಕಿಗೆ ಯಾಕೆ? 😄

ಬಿಸಿಲೂರಿನವ, ಬಳ್ಳಾರಿ

ಕಿರಿಕ್ ಅಣ್ಣಾ, ಹಂಪಿಗೆ ಬರುವ ಫಾರಿನ್‌ನವರಿಗೂ ಅವರೂರಲ್ಲಿ ಯಾರೋ ಒಬ್ಬರು ಇದನ್ನೇ ಹೇಳಿರುತ್ತಾರೆ.

ತಂಗೀ, ನಾವು ಬ್ಯಾಂಕಿನಿಂದ ರಿಟೈರ್ ಆದ ಗೆಳೆಯರ ಗುಂಪಿನಲ್ಲಿ ಹೋಗಿದ್ದೆವು. ನಮ್ಮ ಹಡಗಿಗೂ ಕುಶಾದಸಿಯಲ್ಲಿ ಅರ್ಧ ದಿನವೇ ಇತ್ತು. ನನ್ನ ಮಾತು ನೇರ: ನಿಮ್ಮ ಟೈಮಿಗೆ ಹಡಗಿನವರ ಟೂರ್ ತಗೊಳ್ಳಿ. ಹಡಗು ಒಂದು ಗಂಟೆಗೆ ಹೊರಡುತ್ತದೆ ಅಂದರೆ ನೀವು ಹನ್ನೆರಡೂವರೆಗೇ ಒಳಗಿರಬೇಕು, ಕೆಲವರು ಇನ್ನೂ ಮುಂಚೆ ಹೇಳುತ್ತಾರೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡ ಮಾಡಿದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಹಡಗು ಹಿಡಿಯಬೇಕು. ಅದೂ ಟರ್ಕಿಯಿಂದ ಗ್ರೀಸ್ ದ್ವೀಪಕ್ಕೆ! ಅಪ್ಪ ಅವ್ವನನ್ನು ಕಟ್ಟಿಕೊಂಡು ಆ ಸರ್ಕಸ್ ಬೇಡ.

ಇನ್ನೊಂದು ಮುಖ್ಯ ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಮ್ಮ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ. ಗ್ರೀಸ್‌ನಿಂದ ಟರ್ಕಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದ ಲೆಕ್ಕ. ವಾಪಸ್ ಪಾಟ್ಮೋಸ್‌ಗೆ ಬಂದರೆ ಎರಡನೇ ಎಂಟ್ರಿ. ಸಿಂಗಲ್ ಎಂಟ್ರಿ ಇದ್ದರೆ ಹಡಗೇ ಹತ್ತಿಸುವುದಿಲ್ಲ. ಚಾಲ್ತಿ ಷೆಂಗೆನ್ ವೀಸಾ ಇರುವ ಭಾರತೀಯರಿಗೆ ಟರ್ಕಿಯ ಇ-ವೀಸಾ ಆನ್‌ಲೈನ್‌ನಲ್ಲೇ ಸಿಗುತ್ತದೆ. ಕ್ರೂಸ್‌ನವರಿಗೆ ಅದು ಬೇಕಾ ಬೇಡವಾ ಅಂತ ಕಂಪನಿಗೆ ಈಮೇಲ್ ಹಾಕಿ, ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಬಾಯಿ ಮಾತು ನಂಬಬೇಡಿ.

ಬಿಸಿಲಿನ ಬಗ್ಗೆ ಬಳ್ಳಾರಿಯವನು ಹೇಳುತ್ತಿದ್ದೇನೆ, ಅಲ್ಲಿಯೂ ಬಿಸಿಲು ಬಿಸಿಲೇ. ನೆರಳಿಗೆ ಮರ ಇಲ್ಲ ಅನ್ನುವಷ್ಟು ಕಡಿಮೆ. ಬಿಳಿ ಅಮೃತಶಿಲೆ ಕೆಳಗಿನಿಂದಲೂ ಕಾಯುತ್ತದೆ. ಛತ್ರಿ ಒಯ್ಯಿರಿ.

ಮಾನ್ವಿ ನರ್ಸ್

ನಾನು ಐರ್ಲೆಂಡಿನಲ್ಲಿ ಕೆಲಸ ಮಾಡುತ್ತೇನೆ, ಊರು ಮಾನ್ವಿ. ಗೆಳತಿಯರ ಜೊತೆ ಕ್ರೂಸ್ ಬಂದಾಗ ಟೂರ್ ತಗೊಳ್ಳದೆ ನಾವೇ ಹೋದೆವು. ಕುಶಾದಸಿಯಿಂದ ಸೆಲ್ಚುಕ್ ಊರಿನ ಕಡೆ ದೋಲ್ಮುಷ್ ಅಂತ ಸಣ್ಣ ವ್ಯಾನುಗಳು ಓಡಾಡುತ್ತವೆ. ನಮ್ಮ ಟಂಟಂ ತರಹ, ತುಂಬಿದ ಮೇಲೆ ಹೊರಡುವುದು. ಬಹಳ ಅಗ್ಗ. ಆದರೆ ಮೇನ್ ರೋಡಿನ ಕ್ರಾಸ್‌ನಲ್ಲಿ ಇಳಿಸುತ್ತಾರೆ. ಅಲ್ಲಿಂದ ಕೆಳಗಿನ ಗೇಟಿಗೆ ಒಂದು ಕಿಲೋಮೀಟರ್ ಆಸುಪಾಸು ನಡೆಯಬೇಕು.

ಇಲ್ಲೇ ಇರುವುದು ಫಜೀತಿ. ಎಫೆಸಸ್‌ಗೆ ಎರಡು ಗೇಟು. ಮೇಲಿನದು ಗುಡ್ಡದ ಮೇಲೆ, ಕೆಳಗಿನದು ಹಳೆಯ ಬಂದರಿನ ಕಡೆ. ಟೂರ್ ಬಸ್ಸುಗಳು ಮೇಲಿನ ಗೇಟಿನಲ್ಲಿ ಇಳಿಸಿ ಕೆಳಗಿನ ಗೇಟಿನಲ್ಲಿ ಕಾಯುತ್ತವೆ. ಊರಿಡೀ ಇಳಿಜಾರಿನಲ್ಲೇ ನೋಡಿ ಮುಗಿಯುತ್ತದೆ. ದೋಲ್ಮುಷ್‌ನಲ್ಲಿ ಹೋದರೆ ಕೆಳಗಿನಿಂದ ಹತ್ತಿ ಮತ್ತೆ ಅದೇ ದಾರಿಯಲ್ಲಿ ಇಳಿಯಬೇಕು. ನಮಗೆ ಪರವಾಗಿಲ್ಲ, ಅಮ್ಮನವರಿಗೆ ಬೇಡವೇ ಬೇಡ. ಟ್ಯಾಕ್ಸಿ ಮಾಡಿದರೆ ಮೇಲಿನ ಗೇಟಿಗೆ ಬಿಡಲು ಹೇಳಿ.

ಅಮೃತಶಿಲೆ ಹಾಸು ಜನ ತುಳಿದು ತುಳಿದು ನುಣುಪಾಗಿದೆ. ಚಪ್ಪಲಿ ಜಾರುತ್ತದೆ. ಮಂಡಿಗೆ ಕ್ಯಾಪ್, ಕೈಗೆ ಕೋಲು, ರಬ್ಬರ್ ಸೋಲ್ ಶೂ. ನೋವಿನ ಮಾತ್ರೆ ಕೊಡುವುದಿದ್ದರೆ ಹೊಟ್ಟೆಗೆ ಏನಾದರೂ ಹಾಕಿಸಿಯೇ ಕೊಡಿ. ಮತ್ತೊಂದು: ಶೌಚಾಲಯ ಗೇಟುಗಳ ಹತ್ತಿರ ಮಾತ್ರ. ಒಳಗೆ ಸಾಲು ಸಾಲಾಗಿ ತೂತಿರುವ ಕಲ್ಲಿನ ರೋಮನ್ ಶೌಚಾಲಯ ಇದೆ, ಫೋಟೋ ತೆಗೆಯಲು ಮಾತ್ರ!

ಆನೆಗೊಂದಿ ಗೈಡ್

ನಾನು ಈ ಕಡೆ ಗೈಡ್ ಕೆಲಸ ಮಾಡುವವನು. ಎಫೆಸಸ್‌ಗೆ ಹೋಗಿಲ್ಲ. ಆದರೆ ಅಲ್ಲಿಗೆ ಹೋಗಿ ಆಮೇಲೆ ನಮ್ಮಲ್ಲಿಗೆ ಬಂದವರನ್ನು ಬಹಳ ಸುತ್ತಿಸಿದ್ದೇನೆ. ಅವರ ಬಾಯಲ್ಲಿ ಕೇಳಿದ್ದನ್ನು, ಕೆಲಸಕ್ಕಾಗಿ ಓದಿದ್ದನ್ನು ಹೇಳುತ್ತೇನೆ.

ಟರ್ಕಿಯಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಗೈಡ್ ಕೆಲಸ ಮಾಡುವಂತಿಲ್ಲ. ಕೊರಳಲ್ಲಿ ಕಾರ್ಡ್ ಇರಬೇಕು. ಆದ್ದರಿಂದ ಹಡಗಿನವರ ಟೂರಾದರೂ ಹೊರಗಿನವರ ಟೂರಾದರೂ ಗೈಡ್ ಕಲಿತವರೇ ಇರುತ್ತಾರೆ. ವ್ಯತ್ಯಾಸ ಗುಂಪಿನದ್ದು. ದೊಡ್ಡ ಬಸ್ಸಿನ ನಲವತ್ತು ಜನಕ್ಕೆ ಒಬ್ಬರೇ ಗೈಡ್. ಎಲ್ಲರ ಕಿವಿಗೂ ಸಣ್ಣ ರೇಡಿಯೋ ಸಿಕ್ಕಿಸಿ ಮುಂದೆ ಮಾತಾಡುತ್ತಾ ಹೋಗುತ್ತಾರೆ. ನೀವು ಹಿಂದೆ ಉಳಿದರೆ ಕಿವಿಯಲ್ಲಿ ಅಲ್ಲಿನ ಹಳೆಯ ಲೈಬ್ರರಿ ಬಗ್ಗೆ ಕೇಳುತ್ತಿರುತ್ತದೆ, ಕಣ್ಣೆದುರು ಬೇರೆ ಏನೋ ಇರುತ್ತದೆ.

ಅದಕ್ಕೆ ಒಂದು ಉಪಾಯ. ಬಸ್ಸು ಇಳಿಯುವ ಮೊದಲೇ ಗೈಡ್ ಹತ್ತಿರ ಹೋಗಿ, ನಿಮಗೆ ಯಾವುದರಲ್ಲಿ ಆಸಕ್ತಿ ಅಂತ ಹೇಳಿಬಿಡಿ. ನನಗೆ ಯಾರಾದರೂ ಹಾಗೆ ಹೇಳಿದರೆ ಆ ದಿನ ನಾನೇ ಬೇರೆ. ಇಲ್ಲದಿದ್ದರೆ ಕಲ್ಲಿನ ರಥ, ಸಪ್ತಸ್ವರ ಕಂಬ, ಕಮಲ ಮಹಲು ಅಂತ ಪಾಠ ಒಪ್ಪಿಸಿ ಮುಗಿಸುತ್ತೇವೆ. ಸುಳ್ಳು ಯಾಕೆ ಹೇಳಲಿ.

ಸುರಂಗದ ಕಥೆ ಬಂದರೆ ನಕ್ಕು ಬಿಡಿ. ಅಲ್ಲಿ ಲೈಬ್ರರಿಯಿಂದ ಎದುರಿನ ವೇಶ್ಯಾಗೃಹಕ್ಕೆ ಗುಟ್ಟಿನ ಸುರಂಗ ಇತ್ತು ಅಂತ ಹೇಳುತ್ತಾರೆ. ಪುರಾವೆ ಏನೂ ಇಲ್ಲ. ಆ ಮನೆ ವೇಶ್ಯಾಗೃಹವೇ ಹೌದಾ ಅನ್ನುವುದರಲ್ಲೂ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಸುರಂಗ ಇಲ್ಲದ ಹಾಳೂರು ಯಾವ ದೇಶದಲ್ಲೂ ಇಲ್ಲ, ನಮ್ಮಲ್ಲೂ ಬೇಕಾದಷ್ಟು ತೋಡಿದ್ದೇವೆ.

ಮಸ್ಕಿ ಮೇಷ್ಟ್ರು

ಗೈಡ್ ಅಣ್ಣ ಹೇಳಿದ್ದು ಸರಿ. ಕಿರಿಕ್ ಅವರ ಪ್ರಶ್ನೆಗೆ ನನ್ನದೂ ಒಂದು ಉತ್ತರ. ಎಫೆಸಸ್‌ಗೂ ನಮಗೂ ಸಂಬಂಧವೇ ಇಲ್ಲ ಅನ್ನಬೇಡಿ.

1915ರಲ್ಲಿ ನಮ್ಮ ಮಸ್ಕಿಯ ಬೆಟ್ಟದಲ್ಲಿ ಶಾಸನ ಸಿಕ್ಕಿದ ಮೇಲಲ್ಲವೇ 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಖಚಿತವಾಗಿದ್ದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುವಿನಲ್ಲೂ ಅವನ ಶಾಸನಗಳಿವೆ. ಈಗ ನಮ್ಮಿಂದ ಸ್ವಲ್ಪ ಆಚೆ, ಆಂಧ್ರದ ಗುತ್ತಿ ಹತ್ತಿರದ ಎರ್ರಗುಡಿಗೆ ಬನ್ನಿ. ಅಲ್ಲಿ ಅಶೋಕನ ದೊಡ್ಡ ಬಂಡೆ ಶಾಸನಗಳಿವೆ. ಅದರಲ್ಲಿ 13ನೆಯದರಲ್ಲಿ ಅವನು 'ಅಂತಿಯೋಕ' ಎಂಬ ಯವನ, ಅಂದರೆ ಗ್ರೀಕ್, ರಾಜನ ಹೆಸರು ಹೇಳುತ್ತಾನೆ. ಇವನನ್ನು ಅಲೆಕ್ಸಾಂಡರನ ನಂತರ ಪಶ್ಚಿಮ ಏಷ್ಯಾ ಆಳಿದ ಸೆಲ್ಯೂಸಿಡ್ ವಂಶದ ಎರಡನೇ ಆಂಟಿಯೋಕಸ್ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಆ ಆಂಟಿಯೋಕಸ್ ಕ್ರಿ.ಪೂ. 246ರಲ್ಲಿ ತೀರಿಕೊಂಡಿದ್ದು ಎಲ್ಲಿ ಗೊತ್ತಾ? ಎಫೆಸಸ್‌ನಲ್ಲಿ. ಮೊದಲ ಹೆಂಡತಿ ಲವೊಡಿಕೆ ವಿಷ ಹಾಕಿದಳು ಅಂತ ಹಳೆಯ ಬರಹಗಾರರು ಹೇಳುತ್ತಾರೆ.

ಅಂದರೆ ನಮ್ಮ ಪಕ್ಕದ ಬಂಡೆಯ ಮೇಲೆ ಹೆಸರಿರುವ ರಾಜ ಸತ್ತ ಊರಿಗೆ ನೀವು ಹೋಗುತ್ತಿದ್ದೀರಿ. ಆದರೆ ಒಂದು ಮಾತು. ನೀವು ಅಲ್ಲಿ ನೋಡುವ ಕಟ್ಟಡಗಳಲ್ಲಿ ಹೆಚ್ಚಿನವು ಅವನಿಗಿಂತ ಮುನ್ನೂರು, ನಾನೂರು ವರ್ಷ ಈಚಿನ ರೋಮನ್ನರ ಕಾಲದವು. ಎಲ್ಲವನ್ನೂ ಕಲಸಬೇಡಿ.

ಕೊಪ್ಪಳದ ಕಿರಿಕ್

ಮೇಷ್ಟ್ರೇ, ವಿಷ ಅಂದ ಮೇಲೆ ನನಗೂ ಆಸಕ್ತಿ ಬಂತು. ಮುಂದುವರಿಸಿ.

ಭತ್ತದ ಕಣಜ, ಗಂಗಾವತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವೀಸಾ ನೋಡಿದೆ, ಮಲ್ಟಿಪಲ್ ಇದೆ, ಸದ್ಯ! ಬಳ್ಳಾರಿ ಅಣ್ಣನ ಮಾತಿನಂತೆ ಹಡಗಿನವರ ಟೂರ್ ತಗೊಂಡೆವು. ಎರಡು ತರಹ ಇತ್ತು. ಎಫೆಸಸ್ ಜೊತೆ ಮೇರಿ ಮಾತೆಯ ಮನೆ ಒಂದು, ಎಫೆಸಸ್ ಜೊತೆ ಅಲ್ಲಿನ ಗುಡ್ಡದ ಇಳಿಜಾರಿನ ಹಳೆಯ ಟೆರೇಸ್ ಮನೆಗಳು ಇನ್ನೊಂದು. ಯಾವುದು?

ಮಾನ್ವಿ ನರ್ಸ್

ಮೇರಿ ಮಾತೆಯ ಮನೆ ಬುಲ್ಬುಲ್ ಬೆಟ್ಟದ ಮೇಲೆ ಒಂದು ಸಣ್ಣ ಕಲ್ಲಿನ ಚಾಪೆಲ್. ಯೇಸುವಿನ ತಾಯಿ ಕೊನೆಗಾಲ ಅಲ್ಲಿ ಕಳೆದರು ಅಂತ ನಂಬಿಕೆ. ಪೋಪ್‌ಗಳೂ ಬಂದು ಹೋಗಿದ್ದಾರೆ, 1967ರಲ್ಲಿ ಆರನೇ ಪೌಲ್, 1979ರಲ್ಲಿ ಎರಡನೇ ಜಾನ್ ಪೌಲ್. ನಾನು ಕ್ರಿಶ್ಚಿಯನ್, ನನಗೆ ಅದು ಯಾತ್ರೆ. ಭಕ್ತಿಗೆ ಹೋಗುವುದಾದರೆ ಹೋಗಿ. ಮುಸ್ಲಿಮರೂ ಅಲ್ಲಿ ಹರಕೆ ಬಟ್ಟೆ ಕಟ್ಟುತ್ತಾರೆ, ಅವ್ವನಿಗೆ ಇಷ್ಟವಾಗಬಹುದು. ಆದರೆ ಬಸ್ಸಿನಲ್ಲಿ ಬೆಟ್ಟ ಹತ್ತಿ ಇಳಿಯುವ ಹೊತ್ತು ಅವಶೇಷ ನೋಡುವ ಹೊತ್ತಿನಿಂದಲೇ ಕಳೆಯುತ್ತದೆ. ಟೆರೇಸ್ ಮನೆಗಳಲ್ಲಿ ಮೆಟ್ಟಿಲು ಜಾಸ್ತಿ, ಅದನ್ನೂ ನೋಡಿಕೊಳ್ಳಿ.

ಬಿಸಿಲೂರಿನವ, ಬಳ್ಳಾರಿ

ಟೆರೇಸ್ ಮನೆಗಳು. ಕಣ್ಣು ಮುಚ್ಚಿ.

ಭತ್ತದ ಕಣಜ, ಗಂಗಾವತಿ

ಹೋಗಿ ಬಂದೆವು! ಇಲ್ಲಿ ಇಷ್ಟು ಜನ ಸಹಾಯ ಮಾಡಿದ್ದೀರಿ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಬೆಳಿಗ್ಗೆ ತಿಂಡಿಗೆ ಮೊದಲೇ ಹಡಗು ಕುಶಾದಸಿಗೆ ಬಂದಿತ್ತು. ನಾಷ್ಟಾ ಅವಸರದಲ್ಲಿ ಮುಗಿಸಿ, ಹಡಗಿನ ಹಾಲ್‌ನಲ್ಲಿ ಎದೆಗೆ ನಂಬರ್ ಸ್ಟಿಕ್ಕರ್ ಅಂಟಿಸಿಕೊಂಡು ಸಾಲಾಗಿ ಇಳಿದೆವು. ಸ್ಟಿಕ್ಕರ್ ನೋಡಿ ಅಪ್ಪ, "ಜಾತ್ರೆಯಲ್ಲಿ ಕಳೆದುಹೋಗದಂತೆ ಮಕ್ಕಳ ಜೇಬಿನಲ್ಲಿ ಚೀಟಿ ಇಡುತ್ತಿದ್ದೆವಲ್ಲ, ಈಗ ನಮ್ಮ ಪಾಳಿ" ಅಂದರು. ಬಸ್ಸಿನಲ್ಲಿ ಅರ್ಧ ಗಂಟೆ. ಪೀಚ್ ತೋಟ, ಆಲಿವ್ ಮರ, ಅಂಜೂರ. ಗೈಡ್ ಐವತ್ತರ ಆಸುಪಾಸಿನ ಹೆಣ್ಣುಮಗಳು, ಇಂಗ್ಲಿಷ್ ಸ್ಪಷ್ಟ.

ಆನೆಗೊಂದಿ ಅಣ್ಣ, ನೀವು ಹೇಳಿದಂತೆ ಬಸ್ಸಿನಲ್ಲೇ ಹೋಗಿ ಮಾತಾಡಿಸಿದೆ. ನಮ್ಮಪ್ಪ ಭತ್ತದ ರೈತರು, ನಮ್ಮೂರಿನ ಪಕ್ಕದಲ್ಲೇ ಒಂದು ದೊಡ್ಡ ಹಾಳೂರಿದೆ ಅಂದೆ. ಆಕೆಗೆ ಹಂಪಿ ಹೆಸರು ಗೊತ್ತಿತ್ತು. ಎಫೆಸಸ್ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2015ರಲ್ಲಿ, ನಿಮ್ಮದು 1986ರಲ್ಲೇ ಅಂತ ಆಕೆಯೇ ಹೇಳಿದರು. ಅಪ್ಪನ ಮುಖ ನೋಡಬೇಕಿತ್ತು!

ಮೇಲಿನ ಗೇಟಿನಿಂದ ಶುರು. ಮೊದಲ ಅರ್ಧ ಗಂಟೆ ನಿಜ ಹೇಳಬೇಕೆಂದರೆ ಸಪ್ಪೆ. ಸರ್ಕಾರಿ ಕಚೇರಿಗಳಿದ್ದ ಜಾಗ, ಸಭೆ ಸೇರುವ ಸಣ್ಣ ಒಡಿಯನ್, ಮಣ್ಣಿನ ಕೊಳವೆಗಳ ರಾಶಿ. ಅಪ್ಪ ಮಾತ್ರ ಆ ಕೊಳವೆಗಳನ್ನು ಬಿಟ್ಟು ಕದಲಲಿಲ್ಲ. ಒಂದರ ಬಾಯಿ ಇನ್ನೊಂದರೊಳಗೆ ಕೂರುವಂತೆ ಮಾಡಿದ್ದಾರೆ. ಊರಿಗೆ ನೀರು ತಂದಿದ್ದು ಇವುಗಳಲ್ಲೇ. ಆಮೇಲೆ ಎರಡು ಕಂಬಗಳ ಮೇಲೆ ಹರ್ಕ್ಯುಲಿಸ್ ಕೆತ್ತಿರುವ ಇಕ್ಕಟ್ಟಾದ ಬಾಗಿಲು ಬರುತ್ತದೆ. ಗಾಡಿಗಳು ಅಲ್ಲಿಂದ ಮುಂದೆ ಬರಬಾರದೆಂದು ಹಾಗೆ ಮಾಡಿದ್ದಂತೆ. ಅದನ್ನು ದಾಟಿದರೆ ಬೀದಿ ಇಳಿಯುತ್ತದೆ, ತುದಿಯಲ್ಲಿ ಲೈಬ್ರರಿ ಕಾಣುತ್ತದೆ. ಅಲ್ಲಿಂದ ಎಲ್ಲರ ಮೊಬೈಲೂ ಮೇಲೆ.

ಟೆರೇಸ್ ಮನೆಗಳ ಬಗ್ಗೆ ಬಳ್ಳಾರಿ ಅಣ್ಣನಿಗೆ ಕೈ ಮುಗಿದೆ. ದೊಡ್ಡ ಚಾವಣಿ ಹಾಕಿ ಗಾಜಿನ ದಾರಿ ಮಾಡಿದ್ದಾರೆ. ಬಿಸಿಲು ಇಲ್ಲ, ಜನವೂ ಕಡಿಮೆ. ಶ್ರೀಮಂತರ ಮನೆಗಳು. ನೆಲದಲ್ಲಿ ಸಣ್ಣ ಸಣ್ಣ ಕಲ್ಲಿನ ಚಿತ್ತಾರ, ಗೋಡೆಯ ಮೇಲೆ ಬಣ್ಣದ ಚಿತ್ರ, ಚಳಿಗಾಲಕ್ಕೆ ನೆಲದಡಿಯಿಂದ ಬಿಸಿ ಗಾಳಿ ಬಿಡುವ ವ್ಯವಸ್ಥೆ. ಒಂದು ಕಡೆ ಚೂರಾದ ಅಮೃತಶಿಲೆಯ ಹಲಗೆಗಳನ್ನು ಮೇಜುಗಳ ಮೇಲೆ ಹರಡಿಕೊಂಡು ಜೋಡಿಸುತ್ತಿದ್ದಾರೆ. ಹಂಪಿಯಲ್ಲಿ ಗುಡಿ, ಬಜಾರು, ಅರಮನೆಯ ಅಡಿಪಾಯ ನೋಡಿದ್ದೇವೆ. ಮಂದಿ ಬದುಕಿದ ಮನೆಯ ಗೋಡೆ ಹೀಗೆ ಎದೆಮಟ್ಟ ನಿಂತಿದ್ದನ್ನು ನಾನು ನೋಡಿರಲಿಲ್ಲ. ಅವ್ವ ಮೆಟ್ಟಿಲಿಗೆ ಹೆದರಿ ಹೊರಗೆ ಬೆಂಚಿನ ಮೇಲೆ ಕೂತರು, ಜೊತೆಗೆ ನಮ್ಮ ಮನೆಯವರು ಉಳಿದರು. ಅಲ್ಲಿ ಬೆಕ್ಕುಗಳೋ ಬೆಕ್ಕುಗಳು. ಅವ್ವನ ಸೀರೆ ಸೆರಗಿನ ಮೇಲೇ ಒಂದು ಮಲಗಿತ್ತಂತೆ.

ಸೆಲ್ಸಸ್ ಲೈಬ್ರರಿ. ರೋಮನ್ ಗವರ್ನರ್ ಆಗಿದ್ದ ಸೆಲ್ಸಸ್ ನೆನಪಿಗೆ ಮಗ ಕಟ್ಟಿಸಿದ್ದು, ಕ್ರಿ.ಶ. 2ನೇ ಶತಮಾನದ ಶುರುವಿನಲ್ಲಿ. ಅಪ್ಪನ ಸಮಾಧಿ ಕೆಳಗೆ, ಮೇಲೆ ಸುಮಾರು 12 ಸಾವಿರ ಸುರುಳಿ ಪುಸ್ತಕ. ಈಗ ನಿಂತಿರುವುದು ಮುಂಭಾಗ ಮಾತ್ರ. ಅದೂ ಭೂಕಂಪಕ್ಕೆ ಬಿದ್ದಿದ್ದನ್ನು 1970ರ ದಶಕದಲ್ಲಿ ಆಸ್ಟ್ರಿಯಾದವರು ಹೆಕ್ಕಿ ಹೆಕ್ಕಿ ನಿಲ್ಲಿಸಿದ್ದು. ನಡುವಿನ ಕಂಬಗಳು ದೊಡ್ಡವು, ಅಂಚಿನವು ಸಣ್ಣವು, ಹಾಗಾಗಿ ಕಟ್ಟಡ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ಅಲ್ಲಿರುವ ನಾಲ್ಕು ಹೆಣ್ಣು ವಿಗ್ರಹಗಳು ನಕಲು. ಅಸಲಿ ವಿಯೆನ್ನಾದಲ್ಲಿವೆ. ಇದನ್ನು ಹೇಳುವಾಗ ಗೈಡ್ ದನಿ ಸ್ವಲ್ಪ ಗಟ್ಟಿಯಾಯಿತು. ಸುರಂಗದ ಕಥೆಯೂ ಬಂತು! ನಾನು ನಕ್ಕಿದ್ದನ್ನು ನೋಡಿ ಆಕೆಯೂ ನಕ್ಕರು.

ಇನ್ನು ಅಸಲಿ ವಿಷಯ. ದೊಡ್ಡ ರಂಗಮಂದಿರ ಇದೆ, ಸುಮಾರು 25 ಸಾವಿರ ಜನ ಕೂರುವಂಥದ್ದು. ಅದರ ಎದುರು ಅಗಲವಾದ ರಸ್ತೆ ನೇರ ಹೋಗಿ ಹುಲ್ಲಿನಲ್ಲಿ ಮುಗಿಯುತ್ತದೆ. ಅದು ಬಂದರಿಗೆ ಹೋಗುವ ರಸ್ತೆ. ಬಂದರು ಎಲ್ಲಿ? ಇಲ್ಲ. ಸಮುದ್ರ ಈಗ ಐದಾರು ಕಿಲೋಮೀಟರ್ ಆಚೆ ಹೋಗಿದೆ. ಹೊಳೆ ತಂದ ಹೂಳು ಬಂದರನ್ನೇ ಮುಚ್ಚಿಬಿಟ್ಟಿದೆ. ಅಲ್ಲಿಯವರೆಗೆ ಸುಮ್ಮನಿದ್ದ ಅಪ್ಪ ನನ್ನ ಕೈ ಹಿಡಿದು, "ಕೇಳು, ಹೂಳು ತೆಗೆಯಲಿಲ್ಲವಾ ಅಂತ ಕೇಳು" ಅಂದರು.

ಗೈಡ್ ಕಿವಿಯ ರೇಡಿಯೋ ಆಫ್ ಮಾಡಿ, ನಮ್ಮ ಪಕ್ಕ ಬಂದು ನಿಂತು ಹೇಳಿದರು. ತೆಗೆದರು, ಮತ್ತೆ ಮತ್ತೆ ತೆಗೆದರು. ರೋಮನ್ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಹೊಳೆಯ ದಿಕ್ಕನ್ನೇ ತಿರುಗಿಸಿದರು. ಅದಕ್ಕೂ ಮೊದಲು, ಕ್ರಿ.ಪೂ. 2ನೇ ಶತಮಾನದಲ್ಲಿ, ಆಗ ಎಫೆಸಸ್ ಆಳುತ್ತಿದ್ದ ಪೆರ್ಗಮಮ್‌ನ ರಾಜ ಅಟ್ಟಾಲಸ್‌ನ ಎಂಜಿನಿಯರುಗಳು ಒಂದು ಲೆಕ್ಕ ಹಾಕಿದ್ದರಂತೆ. ಬಂದರಿನ ಬಾಯಿಗೆ ಕಟ್ಟೆ ಕಟ್ಟಿ ಕಿರಿದು ಮಾಡಿದರೆ ಒಳಗೆ ನೀರು ಆಳವಾಗಿ ದೊಡ್ಡ ಹಡಗು ಬರಬಹುದು ಅಂತ. ಆದದ್ದು ಉಲ್ಟಾ. ಮೊದಲು ಸಮುದ್ರದ ಉಬ್ಬರ ಇಳಿತ ಒಂದಷ್ಟು ಹೂಳನ್ನು ಎಳೆದುಕೊಂಡು ಹೋಗುತ್ತಿತ್ತು. ಬಾಯಿ ಕಿರಿದಾದ ಮೇಲೆ ಹೂಳು ಒಳಗೇ ಕೂತಿತು. ಇದನ್ನು ಸ್ಟ್ರಾಬೋ ಎಂಬ ಪುರಾತನ ಭೂಗೋಳ ಬರಹಗಾರನೇ ಬರೆದಿಟ್ಟಿದ್ದಾನೆ. ಮೇಲಿನ ಕಾಡು ಕಡಿದು ಉತ್ತಿದ್ದೂ ಹೂಳಿಗೆ ಕಾರಣ. ಬಂದರು ಹೋದ ಮೇಲೆ ವ್ಯಾಪಾರ ಹೋಯಿತು, ಜೌಗು ನೆಲದ ಸೊಳ್ಳೆ ಬಂತು, ಜನ ನಿಧಾನವಾಗಿ ಈಗಿನ ಸೆಲ್ಚುಕ್ ಕಡೆಯ ಗುಡ್ಡಕ್ಕೆ ಸರಿದರು.

ಅಪ್ಪ ಎಲ್ಲಾ ಕೇಳಿ, "ಎಂಜಿನಿಯರ್ ಹೆಸರು ಏನಂತೆ?" ಅಂದರು. ಹೆಸರು ಆಕೆಗೂ ಗೊತ್ತಿರಲಿಲ್ಲ. "ಅದು ಯಾವ ಕಾಲಕ್ಕೂ ಹೊರಗೆ ಬರಲ್ಲ ಬಿಡು" ಅಂದರು ಅಪ್ಪ.

ಆಮೇಲೆ ಅರ್ಟೆಮಿಸ್ ಎಂಬ ಗ್ರೀಕ್ ದೇವಿಯ ಗುಡಿ, ಬಸ್ಸಿನಿಂದಲೇ. ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿತ್ತು. 127 ಕಂಬಗಳಿದ್ದವು ಅಂತ ರೋಮನ್ ಬರಹಗಾರ ಪ್ಲಿನಿ ಬರೆದಿದ್ದಾನೆ. ಈಗ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ, ತುದಿಯಲ್ಲಿ ಕೊಕ್ಕರೆ ಗೂಡು.

ಕೊನೆಗೆ, ಯಾರೂ ಕೇಳದಿದ್ದರೂ, ಕಾರ್ಪೆಟ್ ಅಂಗಡಿ. ಆಪಲ್ ಟೀ ಕೊಟ್ಟು, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ತೋರಿಸಿ, ಒಂದರ ಮೇಲೊಂದು ರತ್ನಗಂಬಳಿ ಹರಡಿದರು. ನೇಯುವ ಹೆಣ್ಣುಮಗಳ ಬೆರಳು ನೋಡುವುದೇ ಚೆಂದ, ಅವ್ವನಿಗೆ ಇಡೀ ದಿನದಲ್ಲಿ ಇದೇ ಇಷ್ಟವಾಯಿತು. ಆದರೆ ಆ ಮುಕ್ಕಾಲು ಗಂಟೆ ರಂಗಮಂದಿರದಲ್ಲಿ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಟೂರ್ ವಿವರದಲ್ಲಿ ಇದು ಸಣ್ಣ ಅಕ್ಷರದಲ್ಲಿ 'ಸ್ಥಳೀಯ ಕರಕುಶಲ ಪ್ರದರ್ಶನ' ಅಂತ ಇತ್ತು. ಬುಕ್ ಮಾಡುವವರು ಆ ಸಾಲು ಹುಡುಕಿ ಓದಿ.

ಸಿಂಧನೂರು ಕೊನೇ ಭಾಗ

ಅಕ್ಕಾ, ಅಪ್ಪಾಜಿಯವರಿಗೆ ನನ್ನ ನಮಸ್ಕಾರ ಹೇಳಿ. ಎಡದಂಡೆ ಕಾಲುವೆಯ ಟೇಲ್ ಎಂಡ್ ರೈತ ನಾನು. ತುಂಗಭದ್ರಾ ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105 ಚಿಲ್ಲರೆ. ಉಳಿದ ಜಾಗದಲ್ಲೆಲ್ಲ ಹೂಳು. ಎರಡನೇ ಬೆಳೆಗೆ ನೀರು ಬರುತ್ತಾ ಇಲ್ಲವಾ ಅಂತ ಪ್ರತಿ ವರ್ಷ ನಾವು ಬಾಯಿ ಬಾಯಿ ಬಿಡುವುದು ಇದಕ್ಕೇ. ಗ್ರೀಕರ ಕಾಲದಿಂದ ಹೂಳಿನ ಗೋಳು ಇದೆ ಅಂತ ಇವತ್ತು ಗೊತ್ತಾಯಿತು.

ಆನೆಗೊಂದಿ ಗೈಡ್

ಅಟ್ಟಾಲಸ್ ಕಥೆಯನ್ನು ನಾಳೆಯಿಂದಲೇ ನಾನು ಉಪಯೋಗಿಸುತ್ತೇನೆ, ಹಕ್ಕು ನಿಮ್ಮಪ್ಪನವರದ್ದು!

ಇದಕ್ಕೆ ಎದುರು ಕಥೆ ನಮ್ಮಲ್ಲಿದೆ. ವಿಜಯನಗರದವರು ಹೊಳೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಅಣೆಕಟ್ಟುಗಳ ಕಾಲುವೆಗಳು, ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಇವತ್ತಿಗೂ ಹರಿಯುತ್ತಿವೆ. 1565ರಲ್ಲಿ ಊರು ಹಾಳಾಯಿತು, ಕಾಲುವೆ ಹಾಳಾಗಲಿಲ್ಲ. ಕಬ್ಬು, ಬಾಳೆ, ಭತ್ತ ಈಗಲೂ ಅದೇ ನೀರಿನಲ್ಲಿ. ಕಲ್ಲಿನ ರಥ ನೋಡಿ ವಾಪಸ್ ಹೋಗುವವರಿಗೆ ನಾವು ಇದನ್ನು ತೋರಿಸುವುದೇ ಇಲ್ಲ. ಟೈಮ್ ಕೇಳುವುದಿಲ್ಲ ಅನ್ನುತ್ತೇವೆ. ತೋರಿಸಲು ಬಾರದೇ ಇರುವುದೂ ಒಂದು ಕಾರಣ.

ಲೈಬ್ರರಿ ಮರುಜೋಡಣೆ ಬಗ್ಗೆ ಒಂದು ಮಾತು. ನಮ್ಮ ಕಲ್ಲಿನ ರಥದ ಮೇಲೆ ಮೊದಲು ಇಟ್ಟಿಗೆಯ ಗೋಪುರ ಇತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಕಾಣುತ್ತದೆ. ಈಗ ಇಲ್ಲ. ಯಾವುದನ್ನು ಎತ್ತಿ ನಿಲ್ಲಿಸಬೇಕು, ಯಾವುದನ್ನು ಬಿದ್ದಂತೆ ಬಿಡಬೇಕು ಅನ್ನುವ ಜಗಳ ಎಲ್ಲ ಕಡೆಯೂ ಇದೆ. ನನಗಂತೂ ಬಿದ್ದದ್ದು ಬಿದ್ದಂತೆ ಇದ್ದರೇ ಇಷ್ಟ, ಆದರೆ ಪ್ರವಾಸಿಗರಿಗೆ ನಿಂತದ್ದೇ ಬೇಕು.

ಮಸ್ಕಿ ಮೇಷ್ಟ್ರು

ಆಂಟಿಯೋಕಸ್ ಬಗ್ಗೆ ಕೇಳಿದಿರಾ?

ಭತ್ತದ ಕಣಜ, ಗಂಗಾವತಿ

ಕೇಳಿದೆ ಸರ್. ಅಶೋಕನ ಶಾಸನದಲ್ಲಿ ಅವನ ಹೆಸರಿದೆ ಅನ್ನುವುದು ಗೈಡ್‌ಗೆ ಹೊಸ ವಿಷಯ. ನನ್ನ ಫೋನಿನಲ್ಲಿ ಎರ್ರಗುಡಿ ಬಂಡೆಯ ಫೋಟೋ ತೋರಿಸಿದೆ, ತಮ್ಮ ಫೋನಿಗೆ ಕಳಿಸಿಕೊಂಡರು. ಹತ್ತಿರದ ಬೆಲೆವಿ ಎಂಬಲ್ಲಿ ಒಂದು ದೊಡ್ಡ ಸಮಾಧಿ ಕಟ್ಟಡ ಇದೆ, ಅದು ಇವನದೇ ಅಂತ ಕೆಲವರು, ಅಲ್ಲ ಅಂತ ಕೆಲವರು ಹೇಳುತ್ತಾರೆ ಅಂದರು. ನಮ್ಮ ಬಸ್ಸು ಆ ಕಡೆ ಹೋಗಲಿಲ್ಲ.

ಕೊಪ್ಪಳದ ಕಿರಿಕ್

ಒಪ್ಪಿದೆ ಅಕ್ಕಾ, ಸುಮ್ನೆ ಕಲ್ಲು ನೋಡಿ ಬಂದಿಲ್ಲ ನೀವು. ಆದರೂ ಹಿರೇಬೆಣಕಲ್ ಬೆಟ್ಟ ಹತ್ತಿದ್ದೀರಾ? ಗಂಗಾವತಿಯಿಂದ ಕೂಗಳತೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಲಿನ ಗೋರಿ ಮನೆಗಳಿವೆ. ಟಿಕೆಟ್ ಇಲ್ಲ, ಕಾರ್ಪೆಟ್ ಅಂಗಡಿಯೂ ಇಲ್ಲ.

ಭತ್ತದ ಕಣಜ, ಗಂಗಾವತಿ

ಇಲ್ಲ ಅಣ್ಣ, ಹತ್ತಿಲ್ಲ. ಸಿಕ್ಕಿಬಿದ್ದೆ.

ಹೊಸ ಸದಸ್ಯೆ, ಸಿರುಗುಪ್ಪ

ಓದಿ ಖುಷಿಯಾಯಿತು ಮೇಡಂ. ನಾವೂ ಹೋಗುವವರಿದ್ದೇವೆ, ಎರಡು ವರ್ಷದ ಮಗು ಇದೆ. ಮಗುವಿನ ತಳ್ಳುಗಾಡಿ ನಡೆಯುತ್ತದಾ? ಸೆಲ್ಚುಕ್ ಮ್ಯೂಸಿಯಂ ಕೂಡ ಅದೇ ಟೈಮಲ್ಲಿ ಆಗುತ್ತದಾ? ನಾವು ಮೊಟ್ಟೆ ಕೂಡ ತಿನ್ನಲ್ಲ, ಹಡಗಿನಲ್ಲಿ ಊಟ ಹೇಗೆ?

ಭತ್ತದ ಕಣಜ, ಗಂಗಾವತಿ

ತಳ್ಳುಗಾಡಿ ಬೇಡ. ಹಾಸುಗಲ್ಲುಗಳ ಮಧ್ಯೆ ಸಂದು ಜಾಸ್ತಿ, ನಡುನಡುವೆ ಮೆಟ್ಟಿಲೂ ಇವೆ. ಎದೆಗೆ ಕಟ್ಟಿಕೊಳ್ಳುವ ಚೀಲ ಒಯ್ಯಿರಿ, ಇಲ್ಲವೇ ಅಪ್ಪನ ಹೆಗಲು. ಮ್ಯೂಸಿಯಂನಲ್ಲಿ ಅರ್ಟೆಮಿಸ್ ದೇವಿಯ ಪ್ರಸಿದ್ಧ ವಿಗ್ರಹಗಳಿವೆ, ಆದರೆ ಅರ್ಧ ದಿನದ ಹಡಗಿನಲ್ಲಿ ಆಗುವುದಿಲ್ಲ. ಇಡೀ ದಿನ ನಿಲ್ಲುವ ಹಡಗು ಸಿಕ್ಕರೆ ಮಾತ್ರ ಯೋಚಿಸಿ.

ಊಟಕ್ಕೆ ಬುಕ್ ಮಾಡುವಾಗಲೇ ಸಸ್ಯಾಹಾರ, ಮೊಟ್ಟೆ ಬೇಡ ಅಂತ ಬರೆಸಿ. ಹತ್ತಿದ ದಿನವೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಮತ್ತೊಮ್ಮೆ ಹೇಳಿ. ಅನ್ನ, ಬೇಳೆ ಮಾಡಿಸಿಕೊಟ್ಟರು. ಶೇಂಗಾ ಚಟ್ನಿ ಪುಡಿ ಒಯ್ದಿದ್ದೆವು, ಪಕ್ಕದ ಟೇಬಲ್‌ನವರೂ ಕೇಳಿ ಹಾಕಿಸಿಕೊಂಡರು. ಟೂರ್ ದಿನ ಬೆಳಿಗ್ಗೆ ಮಗುವಿಗೆ ಹೊಟ್ಟೆ ತುಂಬ ತಿನ್ನಿಸಿ ಇಳಿಯಿರಿ, ಹಡಗಿಗೆ ವಾಪಸ್ ಬರುವವರೆಗೆ ಆಪಲ್ ಟೀ ಬಿಟ್ಟರೆ ಬೇರೇನೂ ಸಿಗುವುದಿಲ್ಲ.